ದೋಣಿಯ ದೀಪ, ದೀಪದ ತಂತಿ



ಮಳೆಗಾಲವೆಂದರೆ ದೋಣಿಗಳು ದಡದಲ್ಲಿರುವ ಕಾಲ. ನಮ್ಮ ಪಡುವಣ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಲ್ಪೆ, ಗಂಗೊಳ್ಳಿ, ಕಾರವಾರದ ಬಂದರುಗಳಲ್ಲಿ ಬೋಟುಗಳು ಸಾಲಾಗಿ ನಿಲ್ಲುತ್ತವೆ. ಮುಂಬಯಿಯಲ್ಲಿಯೂ ಹಾಯಿದೋಣಿ ಇಟ್ಟುಕೊಂಡವರು ಮಳೆ ಹಿಡಿಯುವ ಮೊದಲೇ ಅದನ್ನು ಮೇಲಕ್ಕೆಳೆದು ಟಾರ್ಪಾಲು ಹೊದಿಸುತ್ತಾರೆ. ತಳಕ್ಕೆ ಬಣ್ಣ ಬಳಿಯುವುದು, ಹಾಯಿಗೆ ಹೊಲಿಗೆ ಹಾಕುವುದು, ಎಂಜಿನ್ ಬಿಚ್ಚಿ ಜೋಡಿಸುವುದು ಎಲ್ಲ ಈ ದಿನಗಳಲ್ಲೇ ಆಗಬೇಕು. ಈ ಕೆಲಸಗಳ ಸಾಲಿನಲ್ಲಿ ದೀಪ ಮತ್ತು ಅದರ ತಂತಿ ಯಾವಾಗಲೂ ಕೊನೆಗೆ ಬೀಳುತ್ತವೆ. ಅವು ಮೊದಲು ಬರಬೇಕು. ಏಕೆ ಎಂದು ಹೇಳಲು ಈ ಹೊತ್ತನ್ನು ಬಳಸಿಕೊಳ್ಳುತ್ತೇನೆ.

ಮುಂಬಯಿಯಲ್ಲಿ ನನ್ನ ಗೆಳೆಯರೊಬ್ಬರ ಹತ್ತಿರ 24 ಅಡಿಯ ಹಾಯಿದೋಣಿಯೊಂದಿದೆ. ಫೈಬರ್‌ಗ್ಲಾಸಿನ ಮೈ, ಅಲ್ಯುಮಿನಿಯಂ ಹಾಯಿಕಂಬ, ಬಂದರಿನೊಳಗೆ ಓಡಾಡಲು ಸಣ್ಣ ಡೀಸೆಲ್ ಎಂಜಿನ್. ದೋಣಿಗೆ ವಯಸ್ಸಾಗಿದೆ, ಮೈ ಇನ್ನೂ ಗಟ್ಟಿಯಾಗಿದೆ. ಒಳ್ಳೆಯ ದೋಣಿಯ ಮೈಗೆ ಆಯುಸ್ಸು ಹೆಚ್ಚು. 1960ರ ದಶಕದಲ್ಲಿ ಇದೇ ಮುಂಬಯಿಯಲ್ಲಿ ತೇಗದಿಂದ ಕಟ್ಟಿದ 32 ಅಡಿಯ ‘ಸುಹೈಲಿ’ಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ, ಎಲ್ಲೂ ನಿಲ್ಲದೆ, ಭೂಮಿ ಸುತ್ತಿದರು. 1968ರ ಜೂನ್‌ನಲ್ಲಿ ಇಂಗ್ಲೆಂಡಿನ ಫಾಲ್ಮತ್ ಬಿಟ್ಟವರು 1969ರ ಏಪ್ರಿಲ್ 22ರಂದು ಅಲ್ಲಿಗೇ ಮರಳಿದರು. ಐವತ್ತು ವರ್ಷ ಕಳೆದ ಮೇಲೂ ಆ ದೋಣಿ ತೇಲುತ್ತಿತ್ತು. ದೋಣಿಯೊಳಗಿನ ತಂತಿಗೆ ಅಂಥ ಆಯುಸ್ಸಿಲ್ಲ. ಉಪ್ಪುಗಾಳಿ ಅದನ್ನು ಕಣ್ಣಿಗೆ ಕಾಣದಂತೆ ತಿನ್ನುತ್ತದೆ. ಗೆಳೆಯರ ದೋಣಿಗೆ ನ್ಯಾವಿಗೇಶನ್ ದೀಪಗಳನ್ನು ಕೂರಿಸಿ, ವೈರಿಂಗನ್ನು ಪೂರ್ತಿ ಹೊಸದಾಗಿ ಮಾಡುವಾಗ ನಾನು ಜೊತೆಗಿದ್ದೆ. ಇಂದಿನ ಮಾತಿಗೆ ಆ ಕೆಲಸವೇ ಆಧಾರ.

ಮೊದಲು ದೀಪಗಳ ವಿಚಾರ. ಮನೆಯ ದೀಪ ನಮಗೆ ಕಾಣಲೆಂದು ಇರುವುದು. ದೋಣಿಯ ನ್ಯಾವಿಗೇಶನ್ ದೀಪದಿಂದ ದೋಣಿಯಲ್ಲಿರುವವರಿಗೆ ಏನೂ ಕಾಣುವುದಿಲ್ಲ. ಅದು ಇರುವುದು ಕತ್ತಲಲ್ಲಿ ಎದುರಿಂದ, ಪಕ್ಕದಿಂದ, ಹಿಂದಿನಿಂದ ಬರುವವನಿಗಾಗಿ. ‘ನಾನು ಇಲ್ಲಿದ್ದೇನೆ, ಈ ಕಡೆಗೆ ಹೋಗುತ್ತಿದ್ದೇನೆ, ಹಾಯಿಯ ಮೇಲಿದ್ದೇನೆ’ ಎಂದು ಅವನಿಗೆ ತಿಳಿಸುವುದು ಅದರ ಕೆಲಸ. 1848ರಲ್ಲಿ ಬ್ರಿಟನ್ನಿನಲ್ಲಿ ಹಬೆ ಹಡಗುಗಳಿಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಕಂಬದ ಮೇಲೆ ಬಿಳಿ ದೀಪ ಕಡ್ಡಾಯವಾಯಿತು. ಇಂದು ಜಗತ್ತೆಲ್ಲ ಪಾಲಿಸುವ ನಿಯಮಗಳು 1972ರಲ್ಲಿ ರೂಪುಗೊಂಡು 1977ರ ಜುಲೈ 15ರಿಂದ ಜಾರಿಯಲ್ಲಿವೆ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ ಅಂತಾರಾಷ್ಟ್ರೀಯ ನಿಯಮಗಳೆಂದು ಅವುಗಳ ಹೆಸರು.

ಆ ನಿಯಮದಲ್ಲಿ ಬಣ್ಣದಷ್ಟೇ ಮುಖ್ಯವಾದದ್ದು ಕೋನ. ಎಡದ ಕೆಂಪು ದೀಪ ನೇರ ಮುಂದಿನಿಂದ ಆರಂಭವಾಗಿ ಎಡಬದಿಯಲ್ಲಿ 112.5 ಡಿಗ್ರಿಯವರೆಗೆ ಕಾಣಬೇಕು. ಬಲದ ಹಸಿರಿಗೂ ಅಷ್ಟೇ ಅಳತೆ. ಹಿಂಬದಿಯ ಬಿಳಿ ದೀಪಕ್ಕೆ 135 ಡಿಗ್ರಿ. ಮೂರನ್ನೂ ಕೂಡಿದರೆ ಸರಿಯಾಗಿ 360. ಎಲ್ಲೂ ಕತ್ತಲೆಯ ಸಂದಿಲ್ಲ, ಎಲ್ಲೂ ಒಂದರ ಮೇಲೊಂದು ಬೀಳುವಂತಿಲ್ಲ. ದಾರಿ ಯಾರು ಬಿಡಬೇಕು ಎನ್ನುವ ನಿಯಮವನ್ನೂ ಇದೇ ಕೋನಗಳ ಮೇಲೆ ಕಟ್ಟಿದ್ದಾರೆ. ನನ್ನ ಕಣ್ಣಿಗೆ ನಿಮ್ಮ ಹಿಂಬದಿಯ ಬಿಳಿ ದೀಪ ಮಾತ್ರ ಬಿದ್ದರೆ ನಾನು ಹಿಂದಿನಿಂದ ಬರುತ್ತಿದ್ದೇನೆ ಎಂದರ್ಥ; ದಾಟಿ ಹೋಗುವ ಜವಾಬ್ದಾರಿ ಪೂರ್ತಿ ನನ್ನದು. ಎಂಜಿನ್ನಿನ ಎರಡು ದೋಣಿಗಳು ಅಡ್ಡ ಬಂದಾಗ, ನನ್ನ ಬಲಗಡೆಯಲ್ಲಿ ನಿಮ್ಮ ಕೆಂಪು ಕಂಡರೆ ನಾನು ದಾರಿ ಬಿಡಬೇಕು. ಎಡಗಡೆಯಲ್ಲಿ ಹಸಿರು ಕಂಡರೆ ನಾನು ದಿಕ್ಕು ಬದಲಿಸದೆ ಸಾಗಬೇಕು, ಜೊತೆಗೆ ನಿಮ್ಮ ಮೇಲೆ ಕಣ್ಣಿಟ್ಟಿರಬೇಕು. ಕೆಂಪು ಹಸಿರು ಎರಡೂ ಒಟ್ಟಿಗೆ ಕಂಡರೆ ನಾವು ಎದುರುಬದುರು.

ಆದ್ದರಿಂದ ದೀಪದ ಪೆಟ್ಟಿಗೆಯನ್ನು ಹತ್ತು ಡಿಗ್ರಿ ಓರೆಯಾಗಿ ಕೂರಿಸಿದರೆ ಅದು ಬರೀ ಅಂದಗೇಡು ಎಂದು ಬಿಡುವಂತಿಲ್ಲ. ಯಾರು ದಾರಿ ಬಿಡಬೇಕು ಎನ್ನುವ ಪ್ರಶ್ನೆಗೆ ಅದು ತಪ್ಪು ಉತ್ತರ ಕೊಡುತ್ತಿರುತ್ತದೆ. ದೀಪವೇ ಇಲ್ಲದ ದೋಣಿ ಎದುರಿನವನಿಗೆ ಕಾಣದಿರಬಹುದು. ತಪ್ಪು ದೀಪದ ದೋಣಿ ಕಾಣುತ್ತದೆ, ಕಂಡು ಅವನನ್ನು ತಪ್ಪು ದಾರಿಗೆ ಎಳೆಯುತ್ತದೆ.

ಹಾಯಿದೋಣಿಗೆ ಇನ್ನೊಂದು ವಿಶೇಷವಿದೆ. ಹಾಯಿಯ ಮೇಲೆ ಹೋಗುವಾಗ ಅದು ಮುಂದಕ್ಕೆ ಬಿಳಿ ದೀಪ ತೋರಿಸಬಾರದು. ಕೆಂಪೋ ಹಸಿರೋ ಕಂಡು, ಅದರ ಮೇಲೆ ಬಿಳಿ ಇಲ್ಲದಿದ್ದರೆ ಎಂಜಿನ್ನಿನ ಹಡಗಿನವನು ‘ಇದು ಹಾಯಿದೋಣಿ ಇರಬೇಕು, ದಾರಿ ಬಿಡಬೇಕು’ ಎಂದು ತಿಳಿಯುತ್ತಾನೆ. ಎಂಜಿನ್ನಿನ ಬಲದಿಂದ ಸಾಗತೊಡಗಿದ ಕ್ಷಣದಿಂದ, ಹಾಯಿ ಮೇಲಿದ್ದರೂ, ಅದು ನಿಯಮದ ಲೆಕ್ಕದಲ್ಲಿ ಎಂಜಿನ್ ದೋಣಿ. ಆಗ ಕಂಬದ ಮುಂಭಾಗದಲ್ಲಿ 225 ಡಿಗ್ರಿಯ ಬಿಳಿ ದೀಪ ಹೊತ್ತಿಕೊಳ್ಳಬೇಕು. ಇಂಥ ಸಣ್ಣ ದೋಣಿಯಲ್ಲಿ ಅದು ಕೆಂಪು ಹಸಿರಿಗಿಂತ ಕನಿಷ್ಠ 1 ಮೀಟರ್ ಮೇಲಿರಬೇಕು. ಲಂಗರು ಹಾಕಿದಾಗ ಇವೆಲ್ಲ ಆರಿ, ಸುತ್ತಲೂ ಕಾಣುವ ಒಂದೇ ಬಿಳಿ ದೀಪ ಉರಿಯಬೇಕು.

20 ಮೀಟರಿಗಿಂತ ಚಿಕ್ಕ ಹಾಯಿದೋಣಿಗೆ ಒಂದು ಸೌಲಭ್ಯವಿದೆ. ಕೆಂಪು, ಹಸಿರು, ಹಿಂಬದಿಯ ಬಿಳಿ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿ ಕಂಬದ ತುದಿಯಲ್ಲಿ ಇಡಬಹುದು. ಇದಕ್ಕೆ ಟ್ರೈಕಲರ್ ಎನ್ನುತ್ತಾರೆ. ಹೊರಗಡಲಿನಲ್ಲಿ ಅಲೆ ಎದ್ದಾಗ ಡೆಕ್ಕಿನ ಮಟ್ಟದ ದೀಪ ಅಲೆಯ ಮರೆಗೆ ಹೋಗುತ್ತದೆ, ಕಂಬದ ತುದಿಯದು ಕಾಣುತ್ತಿರುತ್ತದೆ. ಒಂದೇ ಬಲ್ಬಾದ್ದರಿಂದ ಬ್ಯಾಟರಿಯೂ ಉಳಿಯುತ್ತದೆ. ಆದರೆ ಎಂಜಿನ್ ಹಚ್ಚಿದಾಗ ಇದನ್ನು ಬಳಸುವಂತಿಲ್ಲ. ಬಿಳಿ ದೀಪ ಬಣ್ಣದ ದೀಪಗಳ ಮೇಲಿರಬೇಕಲ್ಲ, ಇಲ್ಲಿ ಕೆಳಗಾಗಿಬಿಡುತ್ತದೆ. ಹಾಗಾಗಿ ಗೆಳೆಯರ ದೋಣಿಗೆ ಎರಡೂ ವ್ಯವಸ್ಥೆ ಬೇಕಾಯಿತು: ಮುಂತುದಿಯ ಕಂಬಿಗೆ ಕೆಂಪು ಹಸಿರು, ಹಿಂಬದಿಗೆ ಬಿಳಿ, ಕಂಬದ ನಡುವೆ ಎಂಜಿನ್ನಿನ ಬಿಳಿ, ತುದಿಯಲ್ಲಿ ಟ್ರೈಕಲರ್ ಮತ್ತು ಲಂಗರಿನ ದೀಪ. ಕೆಳಗಿನ ಬಣ್ಣದ ದೀಪ, ಮೇಲಿನ ಟ್ರೈಕಲರ್ ಎರಡೂ ಒಟ್ಟಿಗೆ ಎಂದಿಗೂ ಉರಿಯಕೂಡದು. ಅದಕ್ಕಾಗಿ ಬೇರೆ ಬೇರೆ ಸ್ವಿಚ್ಚು ಇಡದೆ, ಒಂದೇ ತಿರುಗುವ ಸ್ವಿಚ್ಚಿಟ್ಟು ಅದರ ಮೇಲೆ ‘ಹಾಯಿ’, ‘ಎಂಜಿನ್’, ‘ಲಂಗರು’ ಎಂದು ಬರೆದೆವು. ನಿದ್ದೆಗಣ್ಣಿನಲ್ಲಿ ಕೈಯಿಟ್ಟರೂ ತಪ್ಪಾಗದ ಹಾಗೆ ಸ್ವಿಚ್ಚಿರಬೇಕು.

ದೀಪ ಎಷ್ಟು ದೂರ ಕಾಣಬೇಕು? 12 ಮೀಟರಿಗಿಂತ ಚಿಕ್ಕ ದೋಣಿಯ ಕೆಂಪು ಹಸಿರಿಗೆ 1 ನಾಟಿಕಲ್ ಮೈಲು, ಅಂದರೆ 1,852 ಮೀಟರ್, ಸಾಕು ಎನ್ನುತ್ತದೆ ನಿಯಮ. ಬಿಳಿ ದೀಪಗಳಿಗೆ 2 ಮೈಲು. 12 ನಾಟ್, ಅಂದರೆ ಗಂಟೆಗೆ 12 ನಾಟಿಕಲ್ ಮೈಲು, ವೇಗದ ಹಡಗು ಒಂದು ಮೈಲನ್ನು 5 ನಿಮಿಷದಲ್ಲಿ ಮುಗಿಸುತ್ತದೆ. ಆ ಹಡಗಿನ ಮೇಲೆ ನಿಂತವನು ನಮ್ಮ ದೀಪವನ್ನು ಕಾಣಲು, ಬಣ್ಣ ಗುರುತಿಸಲು, ಯೋಚಿಸಲು, ಚುಕ್ಕಾಣಿ ತಿರುಗಿಸಲು ಸಿಗುವ ಸಮಯ ಅಷ್ಟೇ. ಮುಂಬಯಿ ಬಂದರಿನಲ್ಲಂತೂ ನಮ್ಮ ಬೆನ್ನ ಹಿಂದೆ ಇಡೀ ನಗರದ ದೀಪಗಳಿರುತ್ತವೆ. ನಾವಾ ಶೇವಾಕ್ಕೆ ಹೋಗುವ ಕಂಟೇನರ್ ಹಡಗುಗಳು, ಮಾಂಡ್ವಾ, ಎಲಿಫೆಂಟಾದ ಲಾಂಚುಗಳು, ಮೀನುಗಾರರ ಬೋಟುಗಳು ಎಲ್ಲ ಅದೇ ನೀರಿನಲ್ಲಿ. ಅಲ್ಲಿ ಮಂಕಾದ ದೀಪ ನಗರದ ಬೆಳಕಿನಲ್ಲಿ ಕಳೆದೇ ಹೋಗುತ್ತದೆ. ಇಲ್ಲಿಂದ ಮಾತು ತಂತಿಯ ಕಡೆಗೆ ತಿರುಗಬೇಕು, ಏಕೆಂದರೆ ದೀಪ ಮಂಕಾಗುವುದಕ್ಕೆ ಬಲ್ಬಿಗಿಂತ ಹೆಚ್ಚಾಗಿ ತಂತಿಯೇ ಕಾರಣ.

ಆ ದೋಣಿಯ ಹಳೆಯ ಹಿಂಬದಿ ದೀಪ ಉರಿಯುತ್ತಿತ್ತು. ನೋಡಿದವರು ಸರಿಯಾಗಿದೆ ಎನ್ನಬೇಕು. ಮಲ್ಟಿಮೀಟರ್ ಹಿಡಿದಾಗ ಬ್ಯಾಟರಿಯಲ್ಲಿ 12.6 ವೋಲ್ಟ್ ಇತ್ತು. ದೀಪದ ಹೋಲ್ಡರಿನಲ್ಲಿ 11ಕ್ಕೂ ಕಡಿಮೆ. ಫಿಲಮೆಂಟ್ ಬಲ್ಬಿನ ಸ್ವಭಾವವೆಂದರೆ, ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಇಳಿದರೆ ಬೆಳಕು ಹತ್ತರಲ್ಲಿ ಮೂರು ಪಾಲು ಇಳಿಯುತ್ತದೆ. ತಂತಿಯನ್ನು ಹೊರಗೆಳೆದು, ತುದಿಯಿಂದ ಒಂದು ಗೇಣು ಒಳಗೆ ಕತ್ತರಿಸಿ ಸಿಪ್ಪೆ ಸುಲಿದೆವು. ಒಳಗಿನ ತಾಮ್ರ ತಾಮ್ರದ ಬಣ್ಣದಲ್ಲಿರಲಿಲ್ಲ. ಎಳೆಗಳು ಕಪ್ಪಾಗಿ, ನಡುನಡುವೆ ಹಸಿರು ಪುಡಿ ಹಿಡಿದು, ಬೆರಳಲ್ಲಿ ಹೊಸೆದರೆ ಮುರಿದು ಬೀಳುತ್ತಿದ್ದವು. ಇನ್ನೊಂದು ಗೇಣು ಒಳಗೆ ಕತ್ತರಿಸಿದರೂ ಅದೇ ಸ್ಥಿತಿ. ಹೊರಗಿನ ಪ್ಲಾಸ್ಟಿಕ್ ಮಾತ್ರ ಹೊಸತರಂತೆ ಹೊಳೆಯುತ್ತಿತ್ತು. ಉಪ್ಪುನೀರು ತುದಿಯಲ್ಲಿ ಒಳಹೊಕ್ಕು, ದೀಪದ ಬತ್ತಿ ಎಣ್ಣೆ ಹೀರುವಂತೆ, ಎಳೆಗಳ ನಡುವೆ ಏರುತ್ತಾ ಹೋಗಿತ್ತು. ಇಂಥ ತಂತಿಗೆ ತೇಪೆ ಹಾಕಿ ಫಲವಿಲ್ಲ. ಪೂರ್ತಿ ಕಿತ್ತು ಹೊಸದು ಎಳೆಯಬೇಕು.

ಹೊಸ ತಂತಿಗಾಗಿ ಲೋಹಾರ್ ಚಾಳಿನ ಅಂಗಡಿ ಸಾಲಿಗೆ ಹೋದೆವು. ಮುಂಬಯಿಯಲ್ಲಿ ವಿದ್ಯುತ್ ಸಾಮಾನೆಂದರೆ ಎಲ್ಲರೂ ಹೋಗುವುದು ಅಲ್ಲಿಗೇ. ಮನೆಗೆ ಎಳೆಯುವ ತಂತಿ ಬೇಕಾದಷ್ಟು ಸಿಗುತ್ತದೆ, ಆದರೆ ದೋಣಿಗೆ ಅದು ಸಲ್ಲದು. ಎರಡು ಗುಣಗಳನ್ನು ಕೇಳಿ ಪಡೆಯಬೇಕು. ಒಂದು, ಸಣ್ಣ ಸಣ್ಣ ಎಳೆಗಳು ಹಲವು ಇರುವ ಮೆದು ತಂತಿ. ಗಟ್ಟಿ ಒಂಟಿ ತಂತಿ ದೋಣಿಯ ಅಲುಗಾಟಕ್ಕೆ ಒಳಗೊಳಗೇ ಮುರಿಯುತ್ತದೆ. ಎರಡು, ಪ್ರತಿ ಎಳೆಗೂ ಕಲಾಯಿ ಆಗಿರಬೇಕು. ತಾಮ್ರದ ಪಾತ್ರೆಗೆ ಹಾಕುವ ತವರದ ಕಲಾಯಿಯೇ ಇದು, ಕೆಲಸವೂ ಅದೇ: ತಾಮ್ರವನ್ನು ಹಸಿರುಗಟ್ಟದಂತೆ ಕಾಪಾಡುವುದು. ಸುಲಿದು ನೋಡಿದಾಗ ಎಳೆಗಳು ಬೆಳ್ಳಿಯ ಬಣ್ಣದಲ್ಲಿದ್ದರೆ ಕಲಾಯಿ ಆಗಿದೆ. ಬೆಲೆ ಹೆಚ್ಚು, ಆದರೆ ಸಣ್ಣ ದೋಣಿಗೆ ಬೇಕಾಗುವ ತಂತಿಯೇನೂ ಬಹಳವಲ್ಲ. ಈ ಒಂದು ಕಡೆ ಹಣ ಉಳಿಸಬೇಡಿ.

ತಂತಿ ಎಷ್ಟು ದಪ್ಪವಿರಬೇಕು ಎನ್ನುವುದಕ್ಕೆ ಅಂದಾಜು ಸಾಲದು, ಲೆಕ್ಕ ಹಾಕಬೇಕು. ಬ್ಯಾಟರಿಯಿಂದ ಸ್ವಿಚ್ ಬೋರ್ಡ್ ದಾಟಿ ಕಂಬದ ತುದಿಗೆ 12 ಮೀಟರ್ ಎಂದಿಟ್ಟುಕೊಳ್ಳಿ. ಕರೆಂಟು ಹೋಗಿ ಮರಳಿ ಬರಬೇಕಾದ್ದರಿಂದ ಲೆಕ್ಕಕ್ಕೆ 24 ಮೀಟರ್. 25 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. 1 ಸ್ಕ್ವೇರ್ ಎಂಎಂ ತಂತಿ ಹಾಕಿದರೆ ದಾರಿಯಲ್ಲೇ ಸುಮಾರು 0.85 ವೋಲ್ಟ್ ಹೋಗುತ್ತದೆ, ಅಂದರೆ ಶೇ. 7. ಬೆಳಕು ಐದರಲ್ಲಿ ಒಂದು ಪಾಲು ಕಡಿಮೆ. 2.5 ಸ್ಕ್ವೇರ್ ಎಂಎಂ ಹಾಕಿದರೆ ನಷ್ಟ ಸುಮಾರು 0.35 ವೋಲ್ಟ್, ಶೇ. 3ರ ಆಸುಪಾಸು. ನ್ಯಾವಿಗೇಶನ್ ದೀಪದ ತಂತಿಯಲ್ಲಿ ಶೇ. 3ಕ್ಕಿಂತ ಹೆಚ್ಚು ನಷ್ಟವಾಗಬಾರದು ಎನ್ನುವುದು ದೋಣಿ ವೈರಿಂಗಿನಲ್ಲಿ ಒಪ್ಪಿತವಾದ ಮಿತಿ. ಮನೆಯ 230 ವೋಲ್ಟಿನಲ್ಲಿ ಅರ್ಧ ವೋಲ್ಟು ಹೋದರೆ ಯಾರಿಗೂ ತಿಳಿಯುವುದಿಲ್ಲ. ಹನ್ನೆರಡರಲ್ಲಿ ಅರ್ಧ ಹೋದರೆ ತಿಳಿಯುತ್ತದೆ.

ತಂತಿಯ ನಂತರ ಜೋಡಣೆ. ಎರಡು ತಂತಿ ತಿರುಚಿ ಟೇಪ್ ಸುತ್ತುವ ಅಭ್ಯಾಸವನ್ನು ದೋಣಿಯಲ್ಲಿ ಪೂರ್ತಿ ಬಿಡಬೇಕು. ಟೇಪಿನ ಅಂಟು ಬಿಸಿಲಿಗೆ ಕರಗಿ, ತೇವ ಒಳಗೇ ನಿಲ್ಲುತ್ತದೆ. ಬರೀ ಬೆಸುಗೆಯನ್ನು ನಂಬುವುದೂ ಸರಿಯಲ್ಲ. ಬೆಸುಗೆ ಮುಗಿದಲ್ಲಿ ತಂತಿ ಪೆಡಸಾಗಿ, ಅಲುಗಾಟಕ್ಕೆ ಅಲ್ಲೇ ಮುರಿಯುತ್ತದೆ. ಸರಿಯಾದ ಅಳತೆಯ ಕಲಾಯಿ ಲಗ್ ಹಾಕಿ, ಒಳ್ಳೆಯ ಕ್ರಿಂಪಿಂಗ್ ಟೂಲಿನಿಂದ ಒತ್ತಿ, ಕೈಯಿಂದ ಜಗ್ಗಿ ನೋಡಬೇಕು. ಮೇಲೆ ಒಳಗಡೆ ಅಂಟಿರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಬಿಸಿ ಮಾಡಬೇಕು. ಸ್ಲೀವು ಕುಗ್ಗುತ್ತಾ ಅದರ ಎರಡೂ ತುದಿಯಿಂದ ಅಂಟಿನ ಸಣ್ಣ ಹನಿ ಹೊರಬಂದರೆ ನೀರಿಗೆ ದಾರಿ ಮುಚ್ಚಿತು ಎಂದರ್ಥ.

ಕಂಬದೊಳಗೆ ಸಡಿಲ ಬಿಟ್ಟ ತಂತಿ ರಾತ್ರಿಯಿಡೀ ಅಲ್ಯುಮಿನಿಯಮ್ಮಿಗೆ ಬಡಿಯುತ್ತದೆ. ನಿದ್ದೆಗೆಡುವುದು ಹಾಗಿರಲಿ, ಸಿಪ್ಪೆ ಸವೆದು ಶಾರ್ಟ್ ಆಗುತ್ತದೆ. ಅಲ್ಲಲ್ಲಿ ಮೂರು ಮೂರು ಕೇಬಲ್ ಟೈಗಳನ್ನು ಮೂರು ದಿಕ್ಕಿಗೆ ಬಾಲ ಚಾಚುವಂತೆ ಬಿಗಿದು ಒಳಗೆ ಇಳಿಬಿಟ್ಟರೆ ಆ ಬಾಲಗಳು ತಂತಿಯನ್ನು ಗೋಡೆಯಿಂದ ದೂರ ಹಿಡಿಯುತ್ತವೆ. ಕಂಬದ ಬುಡದಲ್ಲಿ ತಂತಿ ಡೆಕ್ಕಿನೊಳಗೆ ಇಳಿಯುವ ಜಾಗ ಎಲ್ಲಕ್ಕಿಂತ ಸೂಕ್ಷ್ಮ. ಅಲ್ಲಿ ನೀರು ನುಸುಳದಂತೆ ತಂತಿಯ ಸುತ್ತ ಗ್ಲ್ಯಾಂಡ್ ಹಾಕಿ ಬಿಗಿಯಬೇಕು, ಗ್ಲ್ಯಾಂಡಿಗೆ ಮುಂಚೆ ತಂತಿಯನ್ನು ಸ್ವಲ್ಪ ಕೆಳಕ್ಕೆ ಇಳಿಬಿಟ್ಟು ಮೇಲೆತ್ತಬೇಕು. ತಂತಿಯ ಗುಂಟ ಇಳಿಯುವ ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಬರುವುದಿಲ್ಲ. ದೋಣಿಯೊಳಗೆ ತಂತಿಯನ್ನು ತಳದಲ್ಲಿ ನಿಲ್ಲುವ ಬಿಲ್ಜ್ ನೀರು ತಾಗದ ಎತ್ತರದಲ್ಲಿ ಒಯ್ದು, ಒಂದೂವರೆ ಅಡಿಗೊಂದು ಕ್ಲಿಪ್ ಹೊಡೆಯಬೇಕು.

ಫ್ಯೂಸ್ ಬಗ್ಗೆ ಒಂದು ಮಾತು. ಅದು ಕಾಪಾಡುವುದು ತಂತಿಯನ್ನು. ಬ್ಯಾಟರಿಯಿಂದ ಹೊರಟ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ, ಒಂದು ಗೇಣಿನೊಳಗೆ, ಫ್ಯೂಸ್ ಇರಬೇಕು. ದೂರದ ಬೋರ್ಡಿನಲ್ಲಿ ಮಾತ್ರ ಇದ್ದರೆ ನಡುವಿನ ತಂತಿ ಎಲ್ಲಿ ಉಜ್ಜಿ ಶಾರ್ಟ್ ಆದರೂ ತಡೆಯುವವರಿಲ್ಲ. 12 ವೋಲ್ಟ್ ಮೈಗೆ ಶಾಕ್ ಹೊಡೆಯದಿದ್ದರೂ ದೋಣಿಗೆ ಬೆಂಕಿ ಹಚ್ಚಬಲ್ಲದು. ಬ್ಯಾಟರಿಯ ಹತ್ತಿರ ಕೆಲಸ ಮಾಡುವಾಗ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ, ಕೊನೆಗೆ ಜೋಡಿಸಿ. ಲೆಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅಲ್ಲಿ ಗಾಳಿ ಆಡುತ್ತಿರಲಿ. ಪ್ರತಿ ತಂತಿಯ ಎರಡೂ ತುದಿಗೆ ನಂಬರ್ ಹಾಕಿ, ನಕ್ಷೆ ಬರೆದು ದೋಣಿಯಲ್ಲೇ ಇಡಿ. ರಾತ್ರಿ ಅಲೆಯ ಮೇಲೆ ದೀಪ ಕೆಟ್ಟಾಗ ಕೈಗೆ ಸಿಗಬೇಕಾದದ್ದು ಆ ಹಾಳೆ.

ಈಗ ಎಲ್‌ಇಡಿ. ಇದರ ಉಪಕಾರ ದೊಡ್ಡದು. 25 ವ್ಯಾಟಿನ ಹಳೆಯ ಬಲ್ಬು ಹತ್ತು ಗಂಟೆಯ ಒಂದು ರಾತ್ರಿಗೆ ಸುಮಾರು 21 ಆಂಪಿಯರ್-ಅವರ್ ತಿನ್ನುತ್ತದೆ. 60 ಆಂಪಿಯರ್-ಅವರ್ ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ ಕೈಗೆ ಸಿಗುವುದೇ 30. ದೀಪವೊಂದೇ ಮೂರರಲ್ಲಿ ಎರಡು ಪಾಲು ತಿಂದಂತಾಯಿತು. ಬ್ಯಾಟರಿ ಉಳಿಸಲು ದೀಪ ಆರಿಸಿ ಹೋಗುವವರೂ ಇದ್ದರು. 3 ವ್ಯಾಟಿನ ಎಲ್‌ಇಡಿಗೆ ರಾತ್ರಿಗೆ 2.5 ಆಂಪಿಯರ್-ಅವರ್ ಸಾಕು. ದೀಪ ಆರಿಸಲು ಇನ್ನು ಯಾವ ನೆಪವೂ ಉಳಿದಿಲ್ಲ.

ಆದರೆ ಹಳೆಯ ಪೆಟ್ಟಿಗೆಯಲ್ಲಿ ಬಲ್ಬು ತೆಗೆದು ಸಿಕ್ಕ ಎಲ್‌ಇಡಿ ತುರುಕುವುದು ತಪ್ಪು. ಆ ಪೆಟ್ಟಿಗೆಯ ಕೋನಗಳನ್ನು ತೆಳ್ಳಗಿನ ನೇರ ಫಿಲಮೆಂಟಿಗೆ ಹೊಂದಿಸಿ ಮಾಡಿರುತ್ತಾರೆ. ಬೆಳಕಿನ ಮೂಲ ದಪ್ಪವಾದರೆ ಕೆಂಪು ಹಸಿರಿನ ಗಡಿ ಕಲಸಿಹೋಗುತ್ತದೆ. ತಣ್ಣನೆಯ ಬಿಳಿ ಎಲ್‌ಇಡಿಯಲ್ಲಿ ಕೆಂಪಿನ ಅಂಶ ಕಡಿಮೆ. ಕೆಂಪು ಗಾಜಿನ ಹಿಂದೆ ಅದು ಮಂಕಾಗುತ್ತದೆ, ಹಸಿರು ಗಾಜಿನ ಹಿಂದೆ ನೀಲಿಗೆ ತಿರುಗುತ್ತದೆ. ಎಲ್‌ಇಡಿಗೆಂದೇ ಮಾಡಿ, ಪರೀಕ್ಷಿಸಿ, ದೂರವನ್ನು ಮೇಲೆ ನಮೂದಿಸಿದ ದೀಪವನ್ನೇ ಕೊಳ್ಳಬೇಕು. ಇನ್ನೊಂದು ಎಚ್ಚರವಿದೆ. ಕೆಲವು ಎಲ್‌ಇಡಿ ದೀಪಗಳು ವಿಎಚ್‌ಎಫ್ ರೇಡಿಯೋವನ್ನು ಕೆಡಿಸುತ್ತವೆ. ಅಮೆರಿಕದ ಕರಾವಳಿ ರಕ್ಷಣಾ ಪಡೆ 2018ರಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಪರೀಕ್ಷೆ ಸುಲಭ. ರೇಡಿಯೋವನ್ನು ಮೌನವಾದ ಚಾನೆಲ್ಲಿಗಿಟ್ಟು, ಗೊರಗೊರ ಸದ್ದು ಆಗಷ್ಟೇ ನಿಲ್ಲುವಷ್ಟಕ್ಕೆ ಸ್ಕ್ವೆಲ್ಚ್ ಗುಂಡಿ ತಿರುಗಿಸಿ, ದೀಪ ಹಚ್ಚಿ. ಸದ್ದು ಮತ್ತೆ ಎದ್ದರೆ ಆ ದೀಪ ದೋಣಿಗೆ ಬೇಡ. ಅಪಾಯದ ಕರೆಗೆಂದು ಇರುವ 16ನೇ ಚಾನೆಲ್ ಕೇಳಿಸದಂತೆ ಮಾಡುವ ದೀಪದಿಂದ ರಕ್ಷಣೆಯೆಲ್ಲಿ?

ಎಲ್ಲ ಮುಗಿದ ಮೇಲೆ, ದೋಣಿ ದಡದಲ್ಲಿರುವಾಗಲೇ, ಸಂಜೆಗತ್ತಲಲ್ಲಿ ಒಂದು ಪರೀಕ್ಷೆ ಮಾಡಿ. ನೇರ ಮುಂದೆ ದೂರದಲ್ಲಿ ನಿಂತರೆ ಕೆಂಪು ಹಸಿರು ಎರಡೂ ಕಾಣಬೇಕು; ಅತ್ತಿತ್ತ ಸ್ವಲ್ಪ ಸರಿದರೆ ಒಂದು ಮಾಯವಾಗಬೇಕು. ಹಿಂಬದಿಯ ಗಡಿಗೆ ಹೀಗೆ ಅಳೆಯಿರಿ: ಬಣ್ಣದ ದೀಪದಿಂದ ನೇರ ಪಕ್ಕಕ್ಕೆ 10 ಅಡಿ ಹೋಗಿ, ಅಲ್ಲಿಂದ ಹಿಂದಕ್ಕೆ ಸುಮಾರು 4 ಅಡಿ 2 ಅಂಗುಲ ಸರಿಯಿರಿ. ಅದೇ 112.5 ಡಿಗ್ರಿಯ ಗೆರೆ. ಅದನ್ನು ದಾಟಿದೊಡನೆ ಬಣ್ಣದ ದೀಪ ಮರೆಯಾಗುತ್ತಾ ಬರಬೇಕು. ಹಾಗಾಗದಿದ್ದರೆ ಪೆಟ್ಟಿಗೆಯ ಹಿಂದೆ ಮರದ ತೆಳು ಬೆಣೆ ಕೊಟ್ಟು ತಿದ್ದಿ. ಹಾಯಿ ಏರಿಸಿದಾಗ ಅದರ ಅಂಚು ದೀಪವನ್ನು ಮುಚ್ಚುತ್ತದೆಯೇ ಎಂದೂ ನೋಡಿ.

ನಮ್ಮ ಕರಾವಳಿಯವರಿಗೆ ಒಂದು ವಿನಂತಿ. ನಿಮ್ಮದು ಹಾಯಿದೋಣಿಯಲ್ಲದಿರಬಹುದು, ಟ್ರಾಲರ್ ಇರಬಹುದು, ನಾಡದೋಣಿ ಇರಬಹುದು. ಉಪ್ಪುಗಾಳಿ ಎಲ್ಲರ ತಂತಿಯನ್ನೂ ಒಂದೇ ಬಗೆಯಲ್ಲಿ ತಿನ್ನುತ್ತದೆ. ಡೆಕ್ಕಿನ ಮೇಲೆ ದೊಡ್ಡ ಫ್ಲಡ್‌ಲೈಟ್ ಹಚ್ಚಿದರೆ ಎಲ್ಲರಿಗೂ ಕಾಣುತ್ತೇವೆ ಎಂಬ ನಂಬಿಕೆ ಬೇಡ; ಆ ಪ್ರಖರ ಬೆಳಕಿನಲ್ಲಿ ಕೆಂಪು ಹಸಿರು ಮುಳುಗಿ, ನೀವು ಯಾವ ಕಡೆಗೆ ಹೋಗುತ್ತಿದ್ದೀರಿ ಎಂದು ಎದುರಿನವನಿಗೆ ತಿಳಿಯುವುದಿಲ್ಲ. ನ್ಯಾವಿಗೇಶನ್ ದೀಪವನ್ನು ಮಸುಕಾಗಿಸುವ ಬೇರೆ ಬೆಳಕು ಇರಬಾರದು ಎಂದು ನಿಯಮವೂ ಹೇಳುತ್ತದೆ. 7 ಮೀಟರಿಗಿಂತ ಚಿಕ್ಕ ಹಾಯಿದೋಣಿಯಲ್ಲಿ, ಹುಟ್ಟು ಹಾಕುವ ದೋಣಿಯಲ್ಲಿ ಈ ದೀಪಗಳನ್ನು ಕೂರಿಸಲು ಆಗದಿದ್ದರೆ, ಒಳ್ಳೆಯದೊಂದು ಟಾರ್ಚ್ ಕೈಗೆಟಕುವಲ್ಲಿ ಇರಲಿ, ಡಿಕ್ಕಿ ತಪ್ಪಿಸಲು ಸಾಕಷ್ಟು ಮೊದಲೇ ಅದನ್ನು ತೋರಿಸಿ.

ಆಗಸ್ಟ್ 1ಕ್ಕೆ ಬಂದರು ತೆರೆಯುವ ಮೊದಲು ಒಂದು ಸಂಜೆಯನ್ನು ಇದಕ್ಕೆ ಕೊಡಿ. ದೀಪ ಹಚ್ಚಿ ದೋಣಿಯ ಸುತ್ತ ನಡೆದು ನೋಡಿ, ಹೋಲ್ಡರಿನಲ್ಲಿ ವೋಲ್ಟೇಜು ಅಳೆಯಿರಿ, ಅನುಮಾನ ಬಂದ ತಂತಿಯನ್ನು ಕತ್ತರಿಸಿ ತಾಮ್ರದ ಬಣ್ಣ ಪರೀಕ್ಷಿಸಿ. ನಿಮ್ಮ ದೀಪವನ್ನು ನಂಬಿ ಚುಕ್ಕಾಣಿ ತಿರುಗಿಸುವವನು ನಿಮಗೆ ಗುರುತಿಲ್ಲದ ಇನ್ನೊಬ್ಬ ನಾವಿಕ. ಅವನ ಜೀವಕ್ಕೂ ನಿಮ್ಮ ಜೀವಕ್ಕೂ ನೀವು ಹೊಣೆ.